ಕೆಜಿ ಲೆಕ್ಕದ ಚೆರಿ ಪಿಕಿಂಗ್

ಇಂಗ್ಲಿಷರ ಚೆರಿ ಹಣ್ಣು ಆಲ್ದೂರಿಗೆ ಬರುವುದು ಬೇಕರಿಯ ಕೇಕಿನ ಮೇಲೆ ಕೂತು. ಅದೂ ಎಷ್ಟೋ ಸಲ ಬಣ್ಣ ಹಚ್ಚಿಕೊಂಡು ಸಕ್ಕರೆ ಪಾಕದಲ್ಲಿ ಮುಳುಗೆದ್ದ ಕವಳಿಕಾಯಿ! ನಮಗೆ ಚೆರಿ ಎಂದರೆ ಕಾಫಿ ಹಣ್ಣು. ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿ ಮೂಟೆ ಕಟ್ಟಿದರೂ ಚೆರಿಯೇ. ಪಲ್ಪರಿಗೆ ಹಾಕಿ ಸಿಪ್ಪೆ ಸುಲಿದು, ತೊಳೆದು ಒಣಗಿಸಿದರೆ ಮಾತ್ರ ಪಾರ್ಚ್‌ಮೆಂಟ್ ಎಂಬ ಬಡ್ತಿ.

ಕುಯ್ಲಿನ ಕಾಲದಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತು ಬಂದಿದ್ದ ಅಕ್ಕನ ಮಗ ನಮ್ಮ ಜಗುಲಿಯಲ್ಲೇ ಮೀಟಿಂಗ್ ನಡೆಸುತ್ತಿದ್ದ. "ನೋ ಚೆರಿ ಪಿಕಿಂಗ್!" ಎಂದು ಯಾರನ್ನೋ ಗದರಿದ. ಅಂಗಳದಲ್ಲಿದ್ದ ಮೇಸ್ತ್ರಿಗೆ ಗಾಬರಿ. "ಎಂಥದು ಸಾವ್ಕಾರ್ರೆ, ಇವತ್ತು ಪಿಕಿಂಗ್ ಇಲ್ವಾ? ಆಳೆಲ್ಲ ಬಂದಾಯ್ತಲ್ಲ!"

ತಮಗೆ ಅನುಕೂಲವಾದ ಅಂಕಿಗಳನ್ನಷ್ಟೇ ಹೆಕ್ಕಿ ತೋರಿಸುವವರಿಗೆ ಹಾಗೆ ಬೈಯುತ್ತಾರೆಂದು ಅಳಿಯ ವಿವರಿಸಿದ. "ಹಣ್ಣಾದ್ದನ್ನಷ್ಟೇ ಹೆಕ್ಕಿದ್ರೆ ಇಲ್ಲಿ ಶಭಾಸ್ ಅಂತಾರೆ ಸಣ್ಣಯ್ಯ" ಎಂದ ಮೇಸ್ತ್ರಿ.

ನಿಜವೇ. ಅರೇಬಿಕಾ ಒಟ್ಟಿಗೇ ಹಣ್ಣಾಗುವುದಿಲ್ಲ. ಮೊದಲ ಸುತ್ತಿನ ಫ್ಲೈ ಪಿಕಿಂಗಿನಲ್ಲಿ ಕೆಂಪಗಾದದ್ದನ್ನು ಮಾತ್ರ ಬಿಡಿಸಬೇಕು. ಹಸಿರು ಕಾಯಿ ಬೆರೆತರೆ ಪಲ್ಪರಿನಲ್ಲಿ ಸಿಪ್ಪೆ ಬಿಡದು, ಲೋಟದಲ್ಲಿ ರುಚಿ ಕೆಡುವುದು.

ಹಾಗಂತ ಅಂಕಿ ಹೆಕ್ಕುವುದರಲ್ಲೂ ನಾವು ಹಿಂದೆ ಬಿದ್ದವರಲ್ಲ. ಪ್ಲಾಂಟರ ಮನೆಯಲ್ಲಿ ಪಂಚಾಂಗ ಇಲ್ಲದಿದ್ದರೂ ಇಂಚು, ಸೆಂಟಿನಲ್ಲಿ ಮಳೆ ಬರೆದಿಟ್ಟ ಪುಸ್ತಕ ಇರುತ್ತದೆ. ಸಾಲ ಕೇಳಲು ಹೋದಾಗ ತೆರೆಯುವುದು ಹೂಮಳೆ ಕೈಕೊಟ್ಟ ವರ್ಷದ ಪುಟ. ಹೆಣ್ಣು ಕೊಡಲು ಬಂದ ಬೀಗರೆದುರು ತೆರೆಯುವುದು ಮಾರ್ಚಿನಲ್ಲೇ ಒಂದೂವರೆ ಇಂಚು ಸುರಿದು, ತೋಟವೆಲ್ಲ ಬೆಳ್ಳಗೆ ಅರಳಿ, ಹೂವಿನ ಬೆನ್ನಿಗೆ ಬೇಕಾದ ಬ್ಯಾಕಿಂಗ್ ಮಳೆಯೂ ಹೇಳಿ ಕಳಿಸಿದಂತೆ ಬಂದ ವರ್ಷದ ಪುಟ. ಎರಡೂ ಸತ್ಯವೇ. ಈ ಕಸುಬಿನ ಸೊಗಸೇ ಅದು, ಒಂದು ಸುಳ್ಳನ್ನೂ ಹೇಳಬೇಕಾಗಿಲ್ಲ.

"ಈ ಅಂಕಿ ಹೆಕ್ಕೋದನ್ನ ನಿಲ್ಲಿಸೋದು ಹೇಗೆ ಮಾವ?" ಎಂದ ಅಳಿಯ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮೇಸ್ತ್ರಿಯೇ ಬಾಯಿ ಹಾಕಿದ. ದಿನಗೂಲಿಯಲ್ಲಿ ಕಣ್ಣಿಟ್ಟು ಹಣ್ಣು ಹೆಕ್ಕುವ ಕೈ, ಕೆಜಿ ಲೆಕ್ಕ ಎಂದಕೂಡಲೇ ಗಿಡದ ರೆಕ್ಕೆಯನ್ನೇ ಜಗ್ಗಿ ಬುಟ್ಟಿ ತುಂಬುವುದನ್ನು ವರ್ಷವರ್ಷವೂ ಕಂಡವನು ಅವನು.

"ನಿಮ್ಮ ಆಪೀಸಲ್ಲೂ ಕೆಜಿ ಲೆಕ್ಕದಲ್ಲಿ ಸಂಬಳ ಕೊಡಿ ಸಣ್ಣಯ್ಯ. ಆರಿಸೋದು ಆವತ್ತೇ ನಿಲ್ಲುತ್ತೆ. ನಿಮ್ಮ ಡೇಟಾ ಪೂರ್ತಿ ಬರುತ್ತೆ, ಎಲೆ ಕಡ್ಡಿ ಸಮೇತ."