ನಾಲ್ಕನೆಯವರು ಬೇಕಾಗಿದ್ದಾರೆ

ನಮ್ಮ ಕಡೆ ಹೆಲಿಕಾಪ್ಟರ್ ಸದ್ದು ಕೇಳಿಸಿತೆಂದರೆ ಚುನಾವಣೆ ಬಂತೆಂದು ಲೆಕ್ಕ. ಹೈಸ್ಕೂಲ್ ಮೈದಾನದಲ್ಲಿ ಸುಣ್ಣದ ವೃತ್ತ, ಕಣ್ಣು ಬಿಡಲಾಗದ ಧೂಳು, ಲಾಠಿ ಹಿಡಿದ ಪೊಲೀಸರು. ಅಂಥ ಯಂತ್ರದಲ್ಲಿ ಕೈಯಿಂದ ದುಡ್ಡು ಕೊಟ್ಟು ಪರ್ವತದ ನೆತ್ತಿಗೆ ಹೋಗಿ, ಒಂದೇ ಹಲಗೆಗೆ ಎರಡೂ ಕಾಲು ಬಿಗಿದುಕೊಂಡು ಹಿಮದಲ್ಲಿ ಜಾರುತ್ತ ಕೆಳಗೆ ಬರುತ್ತೇನೆಂದು ಶಿವಮೊಗ್ಗದಲ್ಲಿರುವ ಅಮ್ಮನಿಗೆ ಕ್ಯಾಲ್ಗರಿಯಿಂದ ಫೋನಿನಲ್ಲಿ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅಮ್ಮ, "ಅಲ್ವೋ, ಹೋದ ಹೆಲಿಕಾಪ್ಟರಲ್ಲೇ ವಾಪಸ್ ಬರಕ್ಕೇನು ಧಾಡಿ?" ಎಂದಳು. ಈ ಪ್ರಶ್ನೆಗೆ ಉತ್ತರ ಯಾವ ಮಾಹಿತಿ ಪುಸ್ತಕದಲ್ಲೂ ಇಲ್ಲ.

ಎಲ್ಲ ಶುರುವಾದದ್ದು 1965ರಲ್ಲಿ. ಆಸ್ಟ್ರಿಯಾದಿಂದ ಕೆನಡಾಕ್ಕೆ ವಲಸೆ ಬಂದಿದ್ದ ಪರ್ವತ ಮಾರ್ಗದರ್ಶಿ ಹಾನ್ಸ್ ಗ್ಮೋಸರ್ ಆ ವರ್ಷ ಬ್ರಿಟಿಷ್ ಕೊಲಂಬಿಯಾದ ಬುಗಾಬೂ ಪರ್ವತಗಳಿಗೆ ಗಿರಾಕಿಗಳನ್ನು ಹೆಲಿಕಾಪ್ಟರಿನಲ್ಲಿ ಕರೆದೊಯ್ದು ಸ್ಕೀ ಮಾಡಿಸುವ ಉದ್ಯೋಗ ಹೂಡಿದ. ಅದೇ ವರ್ಷ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್‌ನಲ್ಲಿ ಶರ್ಮನ್ ಪಾಪೆನ್ ಎಂಬ ಎಂಜಿನಿಯರ್ ಮನೆಮಕ್ಕಳ ಆಟಕ್ಕೆಂದು ಎರಡು ಸ್ಕೀಗಳನ್ನು ಜೋಡಿಸಿ ಒಂದು ಹಲಗೆ ಮಾಡಿದ. ಇವತ್ತಿನ ಸ್ನೋಬೋರ್ಡಿಗೆ ಅದೇ ಮೂಲಪುರುಷ. ಜೀವಮಾನವೆಲ್ಲ ಹಿಮದ ಇಳಿಜಾರುಗಳಲ್ಲೇ ಓಡಾಡಿದ ಗ್ಮೋಸರ್ 2006ರಲ್ಲಿ ತೀರಿಕೊಂಡದ್ದು ಸೈಕಲ್ ಅಪಘಾತದಲ್ಲಿ. ಅಮ್ಮನಿಗೆ ಧೈರ್ಯ ಬರಲೆಂದು ಇದನ್ನೂ ಹೇಳಿದೆ. ಇನ್ನು ಮೇಲೆ ಸೈಕಲ್ಲನ್ನೂ ಮುಟ್ಟಬೇಡ ಎಂದು ಅಪ್ಪಣೆಯಾಯಿತು.

ಬುಕಿಂಗ್ ಫಾರಂ ಬಂದಾಗ ಗೊತ್ತಾಯಿತು, ಇದು ನಿಜ ಹೇಳಲೇಬೇಕಾದ ಪ್ರವಾಸ. ನಾವು ಮಧ್ಯಮ ವರ್ಗದವರು ಫಾರಂಗಳಲ್ಲಿ ಒಂದಿಷ್ಟು ಸೌಜನ್ಯದ ಸುಳ್ಳು ಬರೆದು ಬೆಳೆದವರು. ಮದುವೆಯ ಜಾತಕದ ಜೊತೆ ಕೊಡುವ ಎತ್ತರ, ಬಯೋಡೇಟಾದಲ್ಲಿನ ಹವ್ಯಾಸಗಳು, ಜಿಮ್‌ನವನಿಗೆ ಹೇಳುವ ಆಹಾರಕ್ರಮ, ಇವು ಯಾರ ಪ್ರಾಣವನ್ನೂ ತೆಗೆಯುವುದಿಲ್ಲ. ಇಲ್ಲಿ ತೂಕದ ಕಾಲಂ ಮುಂದೆ, ಬಟ್ಟೆ, ಬೂಟು, ಸರಂಜಾಮು ಸೇರಿಸಿ ಎಷ್ಟು ಎಂದು ಕೇಳಿದ್ದಾರೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಹೆಲಿಕಾಪ್ಟರ್ ಹೊರುವ ಭಾರ ಕಡಿಮೆಯಾಗುತ್ತದೆ. ಪೈಲಟ್ ಲೆಕ್ಕ ಹಾಕುವುದು ನಾವು ಬರೆದ ಅಂಕಿಯ ಮೇಲೆ. ಹೆಂಡತಿ ಪಕ್ಕದಲ್ಲಿ ನಿಂತು ತೂಕದ ಯಂತ್ರದಲ್ಲಿ ಕಂಡ ಸಂಖ್ಯೆಯನ್ನೇ ಬರೆಸಿದಳು. ಅದರಲ್ಲಿ ಅವಳಿಗೆ ಸುರಕ್ಷತೆಗಿಂತ ಬೇರೆ ಸಂತೋಷವೂ ಇತ್ತೆಂದು ನನ್ನ ಅನುಮಾನ.

ಮುಂದಿನ ಪ್ರಶ್ನೆ ಕೌಶಲದ್ದು. ಕಲಿಯುವವರಿಗೆ ಇಲ್ಲಿ ಪ್ರವೇಶವಿಲ್ಲ. ರೆಸಾರ್ಟಿನ ಕಡಿದಾದ ಇಳಿಜಾರನ್ನು, ಅಂದರೆ ಇಲ್ಲಿಯವರು ಬ್ಲ್ಯಾಕ್ ರನ್ ಅನ್ನುವುದನ್ನು, ನಿಲ್ಲದೆ ತಿರುವು ಹಾಕುತ್ತ ಇಳಿಯಬಲ್ಲವರಾಗಿರಬೇಕು. ರೆಸಾರ್ಟಿನಲ್ಲಿ ಯಂತ್ರ ಓಡಿಸಿ ಹಿಮವನ್ನು ತಟ್ಟಿರುತ್ತಾರೆ. ಹೆಲಿಕಾಪ್ಟರ್ ಇಳಿಸುವ ಕಡೆ ಯಾರೂ ತುಳಿಯದ ಹಿಟ್ಟಿನಂಥ ಪೌಡರ್. ಅದರಲ್ಲಿ ಮುಳುಗದಿರಲು ಅಗಲ ಮೂತಿಯ ಬೋರ್ಡು ಬೇಕು, ನಿಲ್ಲುವ ಜಾಗ ಸ್ವಲ್ಪ ಹಿಂದಕ್ಕಿರಬೇಕು. ಸಮತಟ್ಟು ಜಾಗ ಬಂತೋ, ಸ್ಕೀಯವರು ಕೋಲು ಊರಿಕೊಂಡು ಸಾಗುತ್ತಾರೆ. ಸ್ನೋಬೋರ್ಡಿನವನಿಗೆ ಕೋಲೂ ಇಲ್ಲ, ಬಿಡಿ ಕಾಲೂ ಇಲ್ಲ. ಹಲಗೆ ಬಿಚ್ಚಿ ನಡೆಯೋಣವೆಂದರೆ ಸೊಂಟದವರೆಗೆ ಹೂತುಹೋಗುತ್ತಾನೆ. ಆದ್ದರಿಂದ ಕಂಪನಿಯವರನ್ನು ನಾನು ಕೇಳಿದ ಮೊದಲ ಪ್ರಶ್ನೆ ಊಟದ್ದಲ್ಲ, ದಾರಿಯಲ್ಲಿ ಚಪ್ಪಟೆ ಜಾಗ ಎಷ್ಟಿದೆ ಎಂಬುದು.

ಇನ್ನು ದುಡ್ಡು. ದಿನಕ್ಕೆ ಸಾವಿರ ಡಾಲರ್‌ಗೂ ಮಿಕ್ಕು. ವಾರದ ಪ್ಯಾಕೇಜಿನಲ್ಲಿ ಕೆಲವು ಕಂಪನಿಗಳು ಒಟ್ಟು 30,500 ಮೀಟರ್ ಇಳಿಸುತ್ತೇವೆಂದು ಖಾತ್ರಿ ಕೊಡುತ್ತವೆ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಆ ತುದಿಯಿಂದ ಸಮುದ್ರಮಟ್ಟಕ್ಕೆ ಹದಿನೈದು ಸಲ ಇಳಿದರೂ ಲೆಕ್ಕ ಚುಕ್ತಾ ಆಗದು. ಹತ್ತುವುದಕ್ಕೆ ಬೆವರು ಸುರಿಸುವುದು ಗೊತ್ತಿತ್ತು, ಇಳಿಯುವುದಕ್ಕೆ ಮೀಟರ್ ಲೆಕ್ಕದಲ್ಲಿ ಹಣ ಸುರಿಸುವುದು ಹೊಸದು. ನಮ್ಮ ಜೇಬಿಗೆ ಒಂದು ದಿನವೇ ಧಾರಾಳ.

ಅಷ್ಟು ಇಳಿಯಲು ತೊಡೆ ಗಟ್ಟಿಯಿರಬೇಕು. ಟ್ರೈನರ್ ಹೇಳಿಕೊಟ್ಟದ್ದು ಎರಡು ವ್ಯಾಯಾಮ: ಒಂದು ಬಸ್ಕಿ, ಇನ್ನೊಂದು ಗೋಡೆಗೆ ಬೆನ್ನು ಕೊಟ್ಟು ಇಲ್ಲದ ಕುರ್ಚಿಯ ಮೇಲೆ ಕೂರುವುದು. ಮಿಡ್ಲ್ ಸ್ಕೂಲಿನಲ್ಲಿ ಮಗ್ಗಿ ತಪ್ಪಿದವರಿಗೆಲ್ಲ ಇವೆರಡೂ ಉಚಿತವಾಗಿ ಸಿಗುತ್ತಿದ್ದವು.

ನಿಜವಾದ ತಲೆಬಿಸಿ ಜೊತೆಗಾರರದ್ದು. ಹಿಮಕುಸಿತ ಆಗಬಹುದಾದ ಜಾಗವಾದ್ದರಿಂದ ಪ್ರತಿಯೊಬ್ಬರ ಎದೆಗೂ ಟ್ರಾನ್ಸೀವರ್ ಕಟ್ಟುತ್ತಾರೆ. ಅದು 457 ಕಿಲೋಹರ್ಟ್ಸ್‌ನಲ್ಲಿ ಸದಾ ಸಂಕೇತ ಕಳಿಸುತ್ತಿರುತ್ತದೆ. ಒಬ್ಬ ಹೂತುಹೋದರೆ ಉಳಿದವರು ತಮ್ಮದನ್ನು ಹುಡುಕುವ ಸ್ಥಿತಿಗೆ ತಿರುಗಿಸಿ, ಸದ್ದಿನ ಜಾಡು ಹಿಡಿದು ಹೋಗಿ, ಮಡಚುವ ಉದ್ದನೆಯ ಕಡ್ಡಿ ಚುಚ್ಚಿ ನೋಡಿ, ಸಲಿಕೆಯಿಂದ ಅಗೆದು ತೆಗೆಯಬೇಕು. ಹತ್ತು ಹದಿನೈದು ನಿಮಿಷ ದಾಟಿದರೆ ಬದುಕುವ ಸಾಧ್ಯತೆ ಸರ್ರನೆ ಇಳಿಯುತ್ತದೆ. ಇದನ್ನು ಓದಿದ ಮೇಲೆ ನನ್ನ ಸ್ನೇಹಿತರ ಪಟ್ಟಿಯನ್ನು ಹೊಸ ಕಣ್ಣಿನಿಂದ ನೋಡಿದೆ. "ಐದೇ ನಿಮಿಷ, ಬಂದೆ" ಎಂದು ಹೇಳಿ ಸ್ನಾನಕ್ಕಿಳಿಯುವವನು ಹೋದ. ಮೂರು ಸಲ ಫೋನ್ ಮಾಡಿದರೂ ಎತ್ತದೆ ಮರುದಿನ "ಏನೋ ಮಾಡಿದ್ದೆಯಲ್ಲ" ಎನ್ನುವವನು ಹೋದ. ಹೋಟೆಲ್ ಬಿಲ್ಲು ಹಂಚಿಕೊಂಡದ್ದರಲ್ಲಿ ನನಗಿನ್ನೂ ಬಾಕಿ ಕೊಡಬೇಕಾದವನನ್ನು ಬಹಳ ಯೋಚಿಸಿ ಕೈಬಿಟ್ಟೆ. ಅಗೆದು ತೆಗೆಯಲು ಅವನಿಗೆ ಕಾರಣವಾದರೂ ಏನಿದೆ? ನಾನು ಯಾರಿಗೆ ಬಾಕಿ ಕೊಡಬೇಕೋ ಅವನನ್ನು ಕೂಡಲೇ ಸೇರಿಸಿಕೊಂಡೆ. ಇನ್ನೊಬ್ಬನನ್ನು ಪರೀಕ್ಷಿಸಲು ಮನೆಯಲ್ಲೇ ಟ್ರಾನ್ಸೀವರ್ ಅಡಗಿಸಿಟ್ಟೆವು. ಸೋನಾ ಮಸೂರಿ ಅಕ್ಕಿ ಮೂಟೆಯೊಳಗಿಂದ ಅವನು ಅದನ್ನು ಬೇಗ ಹೊರತೆಗೆದ, ಅಡುಗೆಮನೆಯೆಲ್ಲ ಅಕ್ಕಿ ಮಾಡಿ. ಪಾಸು.

ಆಮೇಲೆ ಸಹಿ ಹಾಕುವ ಪತ್ರ. ಹಿಮಕುಸಿತ, ಮರದ ಬುಡದಲ್ಲಿ ಮುಚ್ಚಿಕೊಂಡಿರುವ ಗುಂಡಿ, ಹಿಮನದಿಯ ಬಿರುಕು, ಕೊನೆಗೆ ಕಂಪನಿಯವರದೇ ಅಜಾಗರೂಕತೆ, ಇವುಗಳಲ್ಲಿ ಏನಾದರೂ ನಾವು ದಾವೆ ಹೂಡುವಂತಿಲ್ಲ. ಅಪಾಯವನ್ನು ಇಷ್ಟು ಬಿಡಿಸಿ ಹೇಳುವ ಪತ್ರ ನಾನು ಓದಿಲ್ಲ. ಸಾಮಾನ್ಯ ಪ್ರವಾಸ ವಿಮೆಗಳು ಬಹುಪಾಲು ಈ ಸಾಹಸವನ್ನು ಹೊರಗಿಡುತ್ತವೆ. ಅದಕ್ಕೆ ಬೇರೆ ವಿಮೆ.

ಇಷ್ಟೆಲ್ಲ ಆದ ಮೇಲೂ ಕೊನೆಯ ಮಾತು ಆಕಾಶದ್ದು. ಒಳ್ಳೆಯ ಪೌಡರ್ ಬೇಕೆಂದರೆ ಜೋರು ಹಿಮ ಬೀಳಬೇಕು. ಜೋರು ಹಿಮ ಬಿದ್ದರೆ ಹೆಲಿಕಾಪ್ಟರ್ ಏಳುವುದಿಲ್ಲ. ನಾವು ಹೋಗಬೇಕಾದ ರೆವೆಲ್‌ಸ್ಟೋಕ್ ಊರಿಗೆ ಕ್ಯಾಲ್ಗರಿಯಿಂದ ಸುಮಾರು 400 ಕಿಲೋಮೀಟರ್, ನಡುವೆ ರೋಜರ್ಸ್ ಪಾಸ್. ಅಲ್ಲಿ ರಸ್ತೆಯ ಮೇಲಿನ ಹಿಮ ತಾನಾಗಿ ಕುಸಿಯುವ ಮೊದಲೇ ಬೀಳಿಸಲು ಕೆನಡಾದ ಸೈನಿಕರು ಫಿರಂಗಿಯಿಂದ ಗುಡ್ಡಕ್ಕೆ ಗುಂಡು ಹಾರಿಸುತ್ತಾರೆ, ಅಷ್ಟು ಹೊತ್ತು ಹೆದ್ದಾರಿ ಬಂದ್. ಸೈನ್ಯವೇ ಹಿಮದ ಮೇಲೆ ಯುದ್ಧ ಹೂಡಿರುವ ದಾರಿಯಲ್ಲಿ ನಾವು ಅದೇ ಹಿಮವನ್ನು ಹುಡುಕಿಕೊಂಡು ಹೊರಟಿರುತ್ತೇವೆ. ಹಗಲು ತುಸು ಉದ್ದವಿರುತ್ತದೆಂದು ಮಾರ್ಚ್ ಆರಿಸಿದ್ದೇವೆ.

ಸಣ್ಣ ಹೆಲಿಕಾಪ್ಟರಿನಲ್ಲಿ ಪೈಲಟ್ ಮತ್ತು ಗೈಡ್ ಬಿಟ್ಟರೆ ನಾಲ್ಕು ಜನಕ್ಕೆ ಜಾಗ. ನಾವು ಮೂವರಿದ್ದೇವೆ. ಬ್ಲ್ಯಾಕ್ ರನ್ ಇಳಿಯಬಲ್ಲ, ಸಲಿಕೆ ಹಿಡಿಯಲು ನಾಚದ, ಮೊದಲ ರಿಂಗಿಗೇ ಫೋನ್ ಎತ್ತುವ ಕನ್ನಡಿಗರು ಆಲ್ಬರ್ಟಾ ಕಡೆ ಯಾರಾದರೂ ಇದ್ದರೆ ದಯವಿಟ್ಟು ಬೇಗ ತಿಳಿಸಿ. ಪುಳಿಯೋಗರೆ ನಮ್ಮದು. ಮುಂಗಡ ವಾಪಸ್ ಬರುವುದಿಲ್ಲ.