ಒತ್ತಿದ್ದು ಯಾರು ಸ್ವಾಮಿ? ಸಬ್ಮಿಟ್ ಗುಂಡಿಯೊಡನೆ ಒಂದು ಮಾತುಕತೆ

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಮೆಣಸಿನಕಾಯಿಗೆ ಬರವಿಲ್ಲ. ರೈತು ಬಜಾರಿಗೆ ಹೋದರೆ ಗುಂಟೂರಿನದು ರಾಶಿ ರಾಶಿ. ಆದರೆ ನಮ್ಮ ಮನೆಯ ಸಾರಿಗೆ ಬಣ್ಣ ಬರಬೇಕಾದರೆ ಬ್ಯಾಡಗಿಯೇ ಆಗಬೇಕು. ಹೋದ ತಿಂಗಳು ಆನ್‌ಲೈನಿನಲ್ಲಿ ಅರ್ಧ ಕೆಜಿ ತರಿಸಹೋದೆ, ಕ್ಯಾಶ್ ಆನ್ ಡೆಲಿವರಿ. ಬಾಗಿಲಿಗೆ ಬಂದದ್ದು ಒಂದೂವರೆ ಕೆಜಿ, ಮೂರು ಪೊಟ್ಟಣ, ಮೂರು ಬಿಲ್ಲು. ಆರೋಪಿಯನ್ನೇ ವಿಚಾರಿಸೋಣವೆಂದು ಲ್ಯಾಪ್‌ಟಾಪ್ ಮುಂದೆ ಕೂತೆ.

ನೀನೇ ತಾನೇ ಮೂರು ಸಲ ಕಳಿಸಿದ್ದು?

ಒತ್ತಿದ್ದು ಯಾರು ಸ್ವಾಮಿ? ಪ್ರತಿ ಒತ್ತಿಗೂ ಒಂದೊಂದು ಅರ್ಜಿ ಹೋಗುತ್ತದೆ. ಸರ್ವರಿಗೆ ನಿಮ್ಮ ಮುಖ ಕಾಣುತ್ತದೆಯೇ? ಮದುವೆ ಮನೆಯವರಿರಬೇಕು ಅಂದುಕೊಂಡಿತು.

ಮೊದಲ ಸಲ ಒತ್ತಿದಾಗಲೇ ಬಾಯಿ ಬಿಡಬಹುದಿತ್ತಲ್ಲ?

ನನಗೆ ಬಾಯಿ ಕೊಟ್ಟಿದ್ದರೆ ತಾನೇ! ಒತ್ತಿದ ಕೂಡಲೇ ‘ಕಳಿಸ್ತಾ ಇದೀನಿ’ ಎಂದು ತೋರಿಸಿ ಬೂದುಬಣ್ಣಕ್ಕೆ ತಿರುಗಿಸಲು ಎರಡು ಸಾಲು ಜಾವಾಸ್ಕ್ರಿಪ್ಟ್ ಸಾಕು. ಅದನ್ನೂ ಬರೆದಿರಲಿಲ್ಲ. ಉತ್ತರ ಬಾರದಿದ್ದರೆ ಮನುಷ್ಯ ಮತ್ತೆ ಒತ್ತುತ್ತಾನೆ, ಅದರಲ್ಲಿ ತಪ್ಪೇನು? ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟನ್ನೇ ನೋಡಿ. ಐದು ಸಲ ಒತ್ತಿದರೂ ಬರುವುದು ಒಂದೇ ಲಿಫ್ಟ್.

‘ದಯವಿಟ್ಟು ಒಂದೇ ಸಲ ಒತ್ತಿ’ ಎಂದು ನಿನ್ನ ಕೆಳಗೇ ಬರೆದಿತ್ತು.

ಬಾಗಿಲಿಗೆ ಚಿಲಕ ಹಾಕಿಸದೆ ‘ಕಳ್ಳರು ಒಳಗೆ ಬರಬಾರದು’ ಎಂದು ಬೋರ್ಡು ಹಾಕಿದ ಹಾಗೆ.

ಹಾಗಾದರೆ ನಿನ್ನನ್ನು ಬೂದು ಮಾಡಿಬಿಟ್ಟರೆ ಮುಗಿಯಿತು?

ಎಲ್ಲಿ ಮುಗಿಯಿತು? ನೆಟ್‌ವರ್ಕ್ ನಡುವೆ ಕಡಿದರೆ ಆ್ಯಪ್ ತಾನಾಗಿಯೇ ಇನ್ನೊಮ್ಮೆ ಕಳಿಸಬಹುದು. ನಾನು ಹೊರಗಿನ ಪರದೆ, ಚಿಲಕ ಇರಬೇಕಾದದ್ದು ಒಳಗೆ. ಹಿಂದೆ ಬ್ಯಾಂಕಿನಲ್ಲಿ ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದರಲ್ಲ, ಹಾಗೆ ಫಾರಂ ತೆರೆದಾಗಲೇ ಅದರೊಳಗೊಂದು ಗುಟ್ಟಿನ ನಂಬರು ಅಡಗಿಸಿಡಬೇಕು. ಆ ನಂಬರು ಮೊದಲ ಸಲ ಬಂದರೆ ಆರ್ಡರು, ಮತ್ತೆ ಬಂದರೆ ಅದೇ ಹಳೆಯ ರಸೀದಿ.

ಅಷ್ಟು ಸುಲಭವೇ?

ಅಲ್ಲೂ ಎಡವುವವರಿದ್ದಾರೆ. ‘ಈ ನಂಬರು ಬಂದಿದೆಯಾ’ ಎಂದು ಮೊದಲು ನೋಡಿ, ಆಮೇಲೆ ಬರೆದುಕೊಳ್ಳುತ್ತಾರೆ. ಎರಡು ಅರ್ಜಿ ಕಣ್ಣು ಮಿಟುಕಿಸುವಷ್ಟರಲ್ಲಿ ಒಟ್ಟಿಗೆ ಬಂದರೆ? ಎರಡೂ ನೋಡುತ್ತವೆ, ಎರಡಕ್ಕೂ ಖಾಲಿ ಕಾಣುತ್ತದೆ, ಎರಡೂ ಬರೆಸಿಕೊಳ್ಳುತ್ತವೆ. ಒಂದು ನಂಬರಿಗೆ ಒಂದೇ ಸಾಲು ಎಂಬ ಯೂನಿಕ್ ಕಟ್ಟಳೆಯನ್ನು ಡೇಟಾಬೇಸಿಗೇ ಹಾಕಬೇಕು. ಅದು ಎರಡನೆಯದನ್ನು ಮುಲಾಜಿಲ್ಲದೆ ಹೊರಗಟ್ಟುತ್ತದೆ.

ನಾನು ಗಾಬರಿಯಲ್ಲಿ ರಿಫ್ರೆಶ್ ಬೇರೆ ಮಾಡಿದೆ.

ಬ್ರೌಸರ್ ‘ಮತ್ತೆ ಕಳಿಸಲೇ?’ ಎಂದು ಕೇಳಿತಲ್ಲ, ಓದದೆ ಹೂಂ ಅಂದಿರಿ. ಅರ್ಜಿ ತೆಗೆದುಕೊಂಡ ಸರ್ವರು 303 ಎಂದು ಹೇಳಿ, ‘ರಸೀದಿ ಪಕ್ಕದ ಕಿಟಕಿಯಲ್ಲಿದೆ’ ಎಂದು ಕಳಿಸಿಬಿಡಬೇಕಿತ್ತು. ಆಮೇಲೆ ಎಷ್ಟು ರಿಫ್ರೆಶ್ ಮಾಡಿದರೂ ರಸೀದಿಯೇ ಕಾಣುತ್ತದೆ. 1999ರ ಎಚ್‌ಟಿಟಿಪಿ ನಿಯಮಾವಳಿಯಲ್ಲೇ ಇದೆ ಇದು. ಪಕ್ಕದ ಕಿಟಕಿಗೆ ಹೋಗಿ ಎಂದರೆ ಸರ್ಕಾರಿ ಕಚೇರಿಯಲ್ಲಿ ನಿಮಗೆ ಸಿಟ್ಟು, ಇಲ್ಲಿ ಅದೇ ಉಪಕಾರ.

(ಇಷ್ಟೆಲ್ಲ ಗೊತ್ತಿದ್ದೂ ಗುಂಡಿಯಾಗಿಯೇ ಉಳಿದಿದೆಯಲ್ಲ ಎಂದು ನನಗೆ ಮರುಕವೆನಿಸಿತು.)

ನಿನ್ನದೇನಾದರೂ ಪ್ರಶ್ನೆ?

ಆ ಮೂರನೇ ಪೊಟ್ಟಣ ಏನು ಮಾಡಿದಿರಿ?

ವಾಚ್‌ಮನ್‌ಗೆ ಕೊಟ್ಟೆ. ಮಾರನೇ ದಿನವೇ ವಾಪಸ್ ತಂದಿಟ್ಟ. ‘ಕಾರಂ ಲೇದು ಸಾರ್’ ಅಂದ.