ಬದುವಿನ ಸೊಪ್ಪಿಗೆ ಪಹಣಿ ಇಲ್ಲ

ಊರು ಚನ್ನರಾಯಪಟ್ಟಣ ಎಂದರೆ ಸಾಕು, ಕೇಳಿದವರು ಗೊಮ್ಮಟೇಶ್ವರನ ಕ್ಷೇಮಸಮಾಚಾರ ವಿಚಾರಿಸಲು ಶುರುಮಾಡುತ್ತಾರೆ. ಅದು ಹಾಸನ ಜಿಲ್ಲೆಯದು ಸ್ವಾಮೀ, ನಮ್ಮದು ದೇವನಹಳ್ಳಿ ತಾಲ್ಲೂಕಿನ ಹೋಬಳಿ, ನಮ್ಮಲ್ಲಿರುವುದು ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ಮತ್ತೆ ತಲೆಯ ಮೇಲೆ ಹಾರಾಡುವ ವಿಮಾನ ಎಂದು ಬಿಡಿಸಿ ಹೇಳಬೇಕಾಗುತ್ತದೆ. ನನ್ನನ್ನು ಕೇಳಿದರೆ ಈ ಪಟ್ಟಿಯಲ್ಲಿ ಮೊದಲು ನಿಲ್ಲಬೇಕಾದದ್ದು ಬೆರಕೆ ಸೊಪ್ಪು. ಆದರೆ ಹಾಗೆಂದರೆ ಬೆಂಗಳೂರಿನ ನೆಂಟರು ಕಂತೆ ಎಷ್ಟು, ಯಾವ ಆ್ಯಪಿನಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಸಿಗುವುದಿಲ್ಲ. ಬಿತ್ತಿದ್ದನ್ನು ಮಾರಬಹುದು, ಬಿತ್ತದೆ ಬಂದದ್ದಕ್ಕೆ ಬೆಲೆ ಕಟ್ಟುವುದು ಹೇಗೆ?

ಮುಂಗಾರು ಬಿದ್ದು ರಾಗಿ ಗೇಣುದ್ದ ಎದ್ದಿತೆಂದರೆ ಸಾಲಿನ ನಡುವೆ ಅಣ್ಣೆ, ಗೋಣಿ, ಕನ್ನೆ, ಕೀರೆ, ಗಣಿಕೆ, ಕೊಮ್ಮೆ, ತಗಚೆ ಎಲ್ಲ ಕರೆಯದೆ ಬರುತ್ತವೆ. ಕೆರೆಯಂಚಿನ ತೇವದಲ್ಲಿ ಹೊನಗೊನ್ನೆ ಹರಡಿರುತ್ತದೆ. ಕೃಷಿ ಪುಸ್ತಕದಲ್ಲಿ ಇವೆಲ್ಲಕ್ಕೂ ಒಂದೇ ಹೆಸರು, ಕಳೆ. ನಮ್ಮ ದೊಡ್ಡಮ್ಮ ಕುಡುಗೋಲು ಹಿಡಿದು ಕೂತಾಗ ಅವರ ಬಾಯಲ್ಲೂ ಅದೇ ಹೆಸರು, ಜೊತೆಗೆ ಇಲ್ಲಿ ಬರೆಯಲಾಗದ ಒಂದೆರಡು ಬಿರುದು. ಅಣ್ಣೆಯ ವಂಶವನ್ನೇ ಬೈಯುತ್ತ ಬೈಯುತ್ತಲೇ ಅದರ ಎಳೆಕುಡಿಗಳನ್ನು ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಬೆಳಗ್ಗೆ ಹೊಲದಲ್ಲಿ ಹಗೆ, ಸಂಜೆ ಒಲೆಯ ಮೇಲೆ ನೆಂಟ.

ಬೆರಕೆ ಎಂದರೆ ಸಿಕ್ಕಿದ್ದನ್ನೆಲ್ಲ ಸುರಿಯುವುದಲ್ಲ. ಗೋಣಿ ಸೊಪ್ಪಿಗೆ ಹುಳಿ ಇದೆ, ಲೋಳೆಯೂ ಇದೆ, ಹೆಚ್ಚಾದರೆ ಪಲ್ಯ ಕೆಸರಾಗುತ್ತದೆ. ಗಣಿಕೆ ಕಹಿ, ಹಿಡಿಗಿಂತ ಮೇಲೆ ಬೇಡ. ತಗಚೆ ಬಲಿತರೆ ನಾತ, ಎರಡೆಲೆ ಬಿಟ್ಟಾಗಲೇ ಕೀಳಬೇಕು. ಅಣ್ಣೆ ಎಲ್ಲದರೊಡನೆ ಹೊಂದಿಕೊಂಡು ಹೋಗುವ ಸಾಧು, ಅದಕ್ಕೇ ಅದರದು ಸಿಂಹಪಾಲು. ‘ಯಾವುದು ಎಷ್ಟು ಹಾಕ್ಬೇಕು ದೊಡ್ಡಮ್ಮ?’ ಎಂದರೆ ‘ಎಷ್ಟು ಬೇಕೋ ಅಷ್ಟೇ ಕಣಪ್ಪ’ ಎಂಬ ಉತ್ತರ. ಅಡುಗೆ ಪುಸ್ತಕ ಬರೆಯುವವರು ಈ ಮಾತಿನ ಮುಂದೆ ಪೆನ್ನು ಕೆಳಗಿಡಬೇಕು.

ಅಲಸಂದೆಯನ್ನೋ ಹುರುಳಿಯನ್ನೋ ಮುಕ್ಕಾಲು ಬೇಯಿಸಿ, ಸೊಪ್ಪು ಹಾಕಿ, ಬೆಂದ ಮೇಲೆ ಬಸಿಯಬೇಕು. ಬಸಿದ ಕಟ್ಟು ಒಂದು ಕಡೆ, ಸೊಪ್ಪುಕಾಳು ಒಂದು ಕಡೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಜೀರಿಗೆ, ಮೆಣಸು, ತೆಂಗಿನಕಾಯಿ, ಹುಣಸೆಹಣ್ಣಿನ ಜೊತೆಗೆ ಒಂದು ಹಿಡಿ ಬೆಂದ ಸೊಪ್ಪುಕಾಳನ್ನೂ ರುಬ್ಬಿ ಕಟ್ಟಿಗೆ ಕದಡಿದರೆ ಬಸ್ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ. ಬಿಸಿ ಮುದ್ದೆ ಮುರಿದು ಮೊದಲ ತುತ್ತು ನುಂಗುವಾಗ ಮನೆಯಲ್ಲಿ ಯಾರೂ ರಾಜಕೀಯ ಮಾತಾಡುವುದಿಲ್ಲ. ನಮ್ಮ ಕಡೆ ಇದು ಸಣ್ಣ ಸಾಧನೆಯಲ್ಲ. ಬಸ್ಸಾರು ಮಾರನೆಯ ದಿನಕ್ಕೆ ಇನ್ನೂ ರುಚಿ. ಉಳಿದರೆ.

ಸೊಪ್ಪಿನ ವಿಷಯದಲ್ಲಿ ಇಷ್ಟು ಧಾರಾಳಿಗಳಾದ ಹೆಂಗಸರು ಅಣಬೆಯ ವಿಷಯಕ್ಕೆ ಬಂದರೆ ಪತ್ತೇದಾರರಾಗುತ್ತಾರೆ. ಯಾವ ಹುತ್ತದ ಪಕ್ಕ ಎದ್ದಿದೆ ಎನ್ನುವುದನ್ನು ಒಡಹುಟ್ಟಿದವರಿಗೂ ಹೇಳುವುದಿಲ್ಲ. ‘ಅಲ್ಲೇ, ಆ ಕಡೆ’ ಎಂದು ಕೈ ತೋರಿಸಿದರೆ ಈ ಕಡೆ ಹುಡುಕುವುದು ಜಾಣತನ. ಈ ಗುಟ್ಟಿಗೂ ಅರ್ಥವಿದೆ. ಹುತ್ತದ ಅಣಬೆ ನಿಜಕ್ಕೂ ಗೆದ್ದಲಿನ ಬೇಸಾಯ. ಗೆದ್ದಲು ಮಣ್ಣಿನಡಿಯ ಗೂಡಿನಲ್ಲಿ ಕಡ್ಡಿಕಸ ತಂದು ಶಿಲೀಂಧ್ರ ಬೆಳೆಸಿ ತಿನ್ನುತ್ತದೆ; ಮಳೆ ಬಿದ್ದಾಗ ಆ ತೋಟದ ಬೆಳೆ ಮೇಲಕ್ಕೆ ಕೊಡೆ ಬಿಚ್ಚುತ್ತದೆ. ಸುಮಾರು 3 ಕೋಟಿ ವರ್ಷಗಳಿಂದ ಈ ಒಕ್ಕಲುತನ ನಡೆದಿದೆಯಂತೆ, ಒಮ್ಮೆಯೂ ಸಬ್ಸಿಡಿ ಕೇಳದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಚಿಪ್ಪಣಬೆಯ ಬೀಜ ಕೊಡುತ್ತಾರೆ, ಮನೆಯ ಮೂಲೆಯಲ್ಲಿ ಹುಲ್ಲಿನ ಚೀಲ ಕಟ್ಟಿ ಬೆಳೆಯಬಹುದು. ಆದರೆ ಹುತ್ತದ ಅಣಬೆಯನ್ನು ಹಾಗೆ ಚೀಲದಲ್ಲಿ ಬೆಳೆದು ಮಾರುವ ವಿದ್ಯೆ ಇನ್ನೂ ಮನುಷ್ಯನ ಕೈಗೆ ಹತ್ತಿಲ್ಲ.

ಗುಡುಗಿದರೆ ಅಣಬೆ ಏಳುತ್ತದೆ ಎಂದು ನಮ್ಮವರು ನಂಬುತ್ತಾರೆ. ಜಪಾನಿನವರೂ ಸಿಡಿಲಿನ ಬಗ್ಗೆ ಇದನ್ನೇ ಹೇಳುತ್ತಿದ್ದರು. ಅಲ್ಲಿನ ಇವಾಟೆ ವಿಶ್ವವಿದ್ಯಾಲಯದವರು ಅಣಬೆ ಬೆಳೆಯುವ ಕೊರಡುಗಳಿಗೆ ಕ್ಷಣಕಾಲ ಭಾರಿ ವಿದ್ಯುತ್ ಹಾಯಿಸಿ ನೋಡಿದಾಗ ಇಳುವರಿ ಹೆಚ್ಚಿತು. ಇನ್ನೊಂದು ತಕರಾರು ಶ್ರಾವಣದ್ದು. ಬಾಡು ಬಿಟ್ಟ ತಿಂಗಳಲ್ಲಿ ಚಕ್ಕೆ ಲವಂಗ ಹಾಕಿ ಅಣಬೆ ಸಾರು ಕುದಿಸಿದರೆ ಬೀದಿಗೆಲ್ಲ ಬಾಡೂಟದ ಪರಿಮಳ. ಅದು ಸೊಪ್ಪಿನ ಜಾತಿಯೋ ಬಾಡಿನ ಜಾತಿಯೋ ಎಂದು ನಮ್ಮಜ್ಜಿಗೂ ದೊಡ್ಡಮ್ಮನಿಗೂ ವರ್ಷವರ್ಷ ಜಗಳ. ಬಾಡೇ ಸರಿ ಎನ್ನುತ್ತಿದ್ದರು ಅಜ್ಜಿ. ವಿಜ್ಞಾನಿಗಳ ಪ್ರಕಾರ ಶಿಲೀಂಧ್ರಗಳು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ಸಂಬಂಧಿಗಳು. ಅಜ್ಜಿ ಗೆದ್ದರು, ತೀರ್ಪು ಕೇಳಲು ಇರಲಿಲ್ಲ ಅಷ್ಟೇ.

ನಗುವ ಮಾತು ಇಲ್ಲಿಗೆ ಸಾಕು, ಅಣಬೆಯಲ್ಲಿ ಸಾವೂ ಇದೆ. ಬೆಳ್ಳಿ ಕಾಸು ಹಾಕಿ ಬೇಯಿಸಿದಾಗ ಕಪ್ಪಾಗದಿದ್ದರೆ ತಿನ್ನಬಹುದು, ಹುಳ ಕಡಿದಿದ್ದರೆ ತಿನ್ನಬಹುದು ಎನ್ನುವ ಪರೀಕ್ಷೆಗಳೆಲ್ಲ ಬರೀ ಸುಳ್ಳು. ಅಮಾನಿಟಾ ಜಾತಿಯ ಕೆಲವು ಅಣಬೆಗಳ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ. ತಿಂದು ಆರು ಗಂಟೆಯೋ ಹನ್ನೆರಡು ಗಂಟೆಯೋ ಆದ ಮೇಲೆ ವಾಂತಿಭೇದಿ, ನಡುವೆ ಒಂದು ದಿನ ವಾಸಿಯಾದ ಹಾಗೆ ನಟನೆ, ಅಷ್ಟರಲ್ಲಿ ಯಕೃತ್ತು ಕೆಟ್ಟಿರುತ್ತದೆ. ನಮ್ಮ ಹೆಂಗಸರ ಪರೀಕ್ಷೆ ಬೇರೆ. ತಮ್ಮ ತಾಯಿ ತೋರಿಸಿದ ಹುತ್ತದಲ್ಲಿ, ತಮ್ಮ ತಾಯಿ ಬೇಯಿಸಿದ ಅಣಬೆಯೇ ಇದು ಎಂದು ಕಣ್ಣಾರೆ ಗೊತ್ತಿದ್ದರೆ ಮಾತ್ರ ಮಡಿಲಿಗೆ. ಒಂದೆಳೆ ಅನುಮಾನ ಬಂದರೂ ಅದು ನಾಯಿಕೊಡೆ. ಫೋನಿನಲ್ಲಿ ಫೋಟೊ ಹಿಡಿದು ಜಾತಿ ಕೇಳುವವರಿಗಿಂತ ಇವರ ಮೇಲೆ ನನಗೆ ನಂಬಿಕೆ.

ಸೊಪ್ಪು, ಅಣಬೆ ಗುರುತಿಸುವ ಈ ಓದು ಈಗ ಸವೆಯುತ್ತಿದೆ, ಅದಕ್ಕೆ ಮೊದಲ ಕಾರಣ ಬಾಟಲಿಯಲ್ಲಿದೆ. ಕಳೆ ಕೀಳಲು ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಪೂರೈಸುವುದಿಲ್ಲ. 2,4-ಡಿ ಹೊಡೆದರೆ ಹುಲ್ಲಿನ ಜಾತಿಯ ರಾಗಿ ಉಳಿಯುತ್ತದೆ, ಅಗಲ ಎಲೆಯವು ಸುಟ್ಟುಹೋಗುತ್ತವೆ. ಅಣ್ಣೆಯ ಜೊತೆಗೆ ಅಕ್ಕಡಿ ಸಾಲಿನ ಅವರೆ, ತೊಗರಿ, ಹುಚ್ಚೆಳ್ಳೂ ಹೋಗುತ್ತವೆ. ಸೊಪ್ಪೂ ಇಲ್ಲ, ಸೊಪ್ಪಿನ ಜೊತೆ ಬೇಯುವ ಕಾಳೂ ಇಲ್ಲ. ಖಾಲಿಯಾದ ಬದುವಿಗೆ ಕಾಂಗ್ರೆಸ್ ಗಿಡ ಬಂದು ಕೂರುತ್ತದೆ. 1950ರ ದಶಕದಲ್ಲಿ ಪುಣೆಯ ಕಡೆ ಕಣ್ಣಿಗೆ ಬಿದ್ದ ಈ ಪಾರ್ಥೇನಿಯಂ ದೇಶವನ್ನೆಲ್ಲ ಹಬ್ಬಿತು. ಬೆರಕೆ ಸೊಪ್ಪಿಗೆ ಎಲ್ಲವನ್ನೂ ಸೇರಿಸಿಕೊಂಡ ದೊಡ್ಡಮ್ಮ ಸೇರಿಸಲೊಪ್ಪದ ಗಿಡ ಅದೊಂದೇ.

ಎರಡನೆಯ ಕಾರಣ ನಿಮಗೂ ಗೊತ್ತು, ಜಮೀನೇ ಕೈತಪ್ಪುವ ಭಯ. ಕೈಗಾರಿಕೆಗಾಗಿ ಹೋಬಳಿಯ 13 ಹಳ್ಳಿಗಳ 1,777 ಎಕರೆ ಬಿಟ್ಟುಕೊಡಿ ಎಂದಾಗ ರೈತರು 2022ರ ಏಪ್ರಿಲ್ 4ರಂದು ಧರಣಿ ಕೂತರು. ಮೂರು ವರ್ಷ ದಾಟಿದ ಮೇಲೆ, 2025ರ ಜುಲೈ 15ರಂದು, ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟೆವೆಂದು ಘೋಷಿಸಿದರು. ಜಮೀನು ಹೋಗುವಾಗ ಮರಕ್ಕೆ ಬೆಲೆ ಕಟ್ಟುತ್ತಾರೆ, ಕೊಳವೆಬಾವಿಗೆ ಕಟ್ಟುತ್ತಾರೆ. ಬದುವಿನ ಅಣ್ಣೆಗೂ ಹುತ್ತದ ಅಣಬೆಗೂ ಯಾವ ಕಾಲಮ್ಮಿನಲ್ಲೂ ಜಾಗವಿಲ್ಲ. ಅವುಗಳ ಒಡೆತನ ಪಹಣಿಯಲ್ಲಿ ಹೆಸರಿಲ್ಲದ ಹೆಂಗಸರದ್ದು. ಸ್ವಂತ ಹೊಲವಿಲ್ಲದ ಮನೆಯವರೂ ಊರಿನ ಯಾರದೇ ಹೊಲಕ್ಕೆ ಇಳಿದು ಸೊಪ್ಪು ಕೊಯ್ದು ತರುತ್ತಿದ್ದರು, ಯಾರೂ ಬೇಡ ಎನ್ನುತ್ತಿರಲಿಲ್ಲ. ನನ್ನ ಮಟ್ಟಿಗೆ ಉಳಿದ ಭೂಮಿಯ ದೊಡ್ಡ ಲಾಭ ಇದೇ.

ಮುಂಗಾರಿನಲ್ಲಿ ಈ ಕಡೆ ಬಂದರೆ ಸೊಪ್ಪು ಕೊಯ್ಯಿರಿ, ಅಡ್ಡಿಯಿಲ್ಲ. ಬೇರು ಕೀಳಬೇಡಿ, ಕುಡಿ ಚಿವುಟಿ. ಅಣಬೆಗೆ ಕೈ ಹಾಕಬೇಡಿ, ಗೊತ್ತಿದ್ದವರು ಕೊಟ್ಟರೆ ತಿನ್ನಿ. ಹೊಲಕ್ಕೆ ಇಳಿಯುವ ಮುಂಚೆ ಮಾತ್ರ ಅಲ್ಲಿರುವ ಅಜ್ಜಿಯನ್ನು ಕೇಳಿ: ‘ಔಷಧಿ ಹೊಡೆದಿದ್ದೀರಾ ಅಜ್ಜಿ?’ ಹೊಡೆದಿದ್ದರೆ ಅವರೇ ಬೇಡ ಎನ್ನುತ್ತಾರೆ.